ಹಾಸನದ ಗುಂಪಿನ ಪ್ರಶ್ನೋತ್ತರ: ಸರ್ವರ್‌ನಲ್ಲಿ ಪೋರ್ಟ್ ತೆರೆಯುವುದು ಹೇಗೆ?

ಅರಸೀಕೆರೆ ಸದಸ್ಯ: ಮೇಡಂ, ಉಬುಂಟು ಲಿನಕ್ಸ್‌ನಲ್ಲಿ ವೆಬ್‌ಸೈಟಿಗೆ ಯಾವ ಪೋರ್ಟ್ ತೆರೆಯಬೇಕು?

ಮೇಡಂ: 80 ಮತ್ತು 443. ಪೋರ್ಟ್ ಅಂದರೆ ಸರ್ವರ್‌ನ ನಂಬರ್ ಹಾಕಿದ ಬಾಗಿಲು. ಆ ಬಾಗಿಲು ಕಾಯುವುದು ಫೈರ್‌ವಾಲ್, ಉಬುಂಟುನಲ್ಲಿ ಅದು ಯುಎಫ್‌ಡಬ್ಲ್ಯು. ‘ಸುಡೊ ಯುಎಫ್‌ಡಬ್ಲ್ಯು ಅಲೋ 443/ಟಿಸಿಪಿ’. 80ಕ್ಕೂ ಹಾಗೇ. ದೂರದಿಂದ ಲಾಗಿನ್ ಆಗುವವರು ಯುಎಫ್‌ಡಬ್ಲ್ಯು ಎನೇಬಲ್ ಮಾಡುವ ಮೊದಲು 22 (ದೂರದ ಲಾಗಿನ್‌ನ ಎಸ್‌ಎಸ್‌ಎಚ್ ಪೋರ್ಟ್) ಅಲೋ ಮಾಡಿ. ಇಲ್ಲದಿದ್ದರೆ ನೀವೇ ಹೊರಗುಳಿಯುತ್ತೀರಿ.

ಚನ್ನರಾಯಪಟ್ಟಣ ಸದಸ್ಯ: ರಾಕಿ ಲಿನಕ್ಸ್‌ನಲ್ಲಿ 8080 ತೆರೆದಿದ್ದೆ. ರೀಬೂಟ್ ಆದಮೇಲೆ ಮಾಯ.

ಮೇಡಂ: ಪರ್ಮನೆಂಟ್ ಹಾಕಿಲ್ಲ. ‘ಫೈರ್‌ವಾಲ್-ಸಿಎಂಡಿ --ಪರ್ಮನೆಂಟ್ --ಆಡ್-ಪೋರ್ಟ್=8080/ಟಿಸಿಪಿ’. ಆಮೇಲೆ ‘ಫೈರ್‌ವಾಲ್-ಸಿಎಂಡಿ --ರೀಲೋಡ್’.

ಸಕಲೇಶಪುರ ಸದಸ್ಯ: ನಮ್ಮ ತೋಟದ ಲೆಕ್ಕದ ಸಾಫ್ಟ್‌ವೇರ್ ಬಾಡಿಗೆ ಸರ್ವರ್‌ನಲ್ಲಿದೆ. ಉಬುಂಟು, ಅದರ ಮೇಲೆ ಡಾಕರ್ (ಸಾಫ್ಟ್‌ವೇರನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವುದು). ಯುಎಫ್‌ಡಬ್ಲ್ಯುನಲ್ಲಿ 22, 443 ಮಾತ್ರ ತೆರೆದಿದ್ದೇನೆ. ಆದರೂ ಮನೆಯಿಂದ ಮೈಎಸ್‌ಕ್ಯುಎಲ್ ಡೇಟಾಬೇಸ್‌ನ ಪೋರ್ಟ್ 3306ಕ್ಕೆ ಕನೆಕ್ಟ್ ಆಗುತ್ತಿದೆ!

ಮೇಡಂ: ಸಾರ್, ಇದನ್ನು ಇವತ್ತೇ ಸರಿಮಾಡಿ. ನಿಮಗೆ ಕನೆಕ್ಟ್ ಆದರೆ ಊರಿಗೆಲ್ಲಾ ಆಗುತ್ತದೆ. ಪೋರ್ಟ್ ಪಬ್ಲಿಷ್ ಮಾಡಿದಾಗ (ಕಂಟೇನರ್‌ನ ಪೋರ್ಟನ್ನು ಹೊರಗೆ ತೆರೆದಾಗ) ಡಾಕರ್ ತನ್ನದೇ ರೂಲ್ ಬರೆದುಕೊಳ್ಳುತ್ತದೆ. ಹೊರಗಿಂದ ಬಂದ ಪ್ಯಾಕೆಟ್ ಯುಎಫ್‌ಡಬ್ಲ್ಯು ರೂಲ್ ಮುಟ್ಟದೆ ಸೀದಾ ಕಂಟೇನರ್‌ಗೆ ಹೋಗುತ್ತದೆ. ಯುಎಫ್‌ಡಬ್ಲ್ಯು ಸ್ಟೇಟಸ್‌ನಲ್ಲಿ ಇದು ಕಾಣುವುದೇ ಇಲ್ಲ. ಅದೇ ನನಗೆ ಭಯ. ಕಂಪೋಸ್ ಫೈಲ್‌ನಲ್ಲಿ (ಡಾಕರ್ ಏನನ್ನು ಹೇಗೆ ಓಡಿಸಬೇಕೆಂದು ಬರೆದಿರುವ ಫೈಲ್) ‘3306:3306’ ಇರುವ ಕಡೆ ‘127.0.0.1:3306:3306’ ಮಾಡಿ (127.0.0.1 ಅಂದರೆ ಆ ಸರ್ವರ್‌ನ ಒಳಗೆ ಮಾತ್ರ), ‘ಡಾಕರ್ ಕಂಪೋಸ್ ಅಪ್ -ಡಿ’ ಕೊಡಿ. ಸಾಫ್ಟ್‌ವೇರೂ ಅದೇ ಕಂಪೋಸ್‌ನಲ್ಲಿದ್ದರೆ ಆ ಸಾಲೇ ಬೇಡ, ತೆಗೆಯಿರಿ. ಮನೆಯಿಂದ ನೋಡಲೇಬೇಕಾದರೆ ಎಸ್‌ಎಸ್‌ಎಚ್ ಟನಲ್ (ಲಾಗಿನ್ ಮೂಲಕವೇ ಹೋಗುವ ಸುರಕ್ಷಿತ ದಾರಿ) ಹಾಕಿ. ಪಾಸ್‌ವರ್ಡ್ ಬದಲಾಯಿಸಿ. ಗೊತ್ತಿಲ್ಲದ ಯೂಸರ್ ಯಾರಾದರೂ ಸೇರಿದ್ದಾರಾ ನೋಡಿ.

ಬೇಲೂರು ಸದಸ್ಯ: *ಫಾರ್ವರ್ಡ್* ಪೋರ್ಟ್ ಓಪನ್ ಆಗದಿದ್ದರೆ ಫೈರ್‌ವಾಲ್ ಸ್ಟಾಪ್ ಮಾಡಿ, ಎಸ್‌ಇಲಿನಕ್ಸ್ ಆಫ್ ಮಾಡಿ. 100% ಗ್ಯಾರಂಟಿ. ಎಲ್ಲರಿಗೂ ಕಳಿಸಿ 🙏

ಮೇಡಂ: ಯಾರೂ ಇದನ್ನು ಮಾಡಬೇಡಿ. ಎಸ್‌ಇಲಿನಕ್ಸ್ ಅಂದರೆ ಯಾವ ಪ್ರೋಗ್ರಾಂ ಏನು ಮಾಡಬಹುದು ಎಂದು ನೋಡುವ ಇನ್ನೊಂದು ಕಾವಲು. ಬೀಗ ಕಿತ್ತೆಸೆದು ಬಾಗಿಲು ರಿಪೇರಿ ಮಾಡಿದೆ ಅಂದಂತೆ. ರಾಕಿಯಲ್ಲಿ ಎಸ್‌ಎಸ್‌ಎಚ್ ಅನ್ನು 2222ಕ್ಕೆ ಬದಲಿಸಿದರೆ ಫೈರ್‌ವಾಲ್‌ನಲ್ಲಿ 2222 ತೆರೆಯಿರಿ, ಎಸ್‌ಇಲಿನಕ್ಸ್‌ಗೆ ‘ಸೆಮ್ಯಾನೇಜ್ ಪೋರ್ಟ್ -ಎ -ಟಿ ಎಸ್‌ಎಸ್‌ಎಚ್_ಪೋರ್ಟ್_ಟಿ -ಪಿ ಟಿಸಿಪಿ 2222’ ಸಾಕು. ಎಸ್‌ಇಲಿನಕ್ಸ್ ಆಫ್ ಮಾಡುವ ಅಗತ್ಯ ಇಲ್ಲ.

ಬೇಲೂರು ಸದಸ್ಯ: ನನಗೆ ಕೆಲಸ ಮಾಡಿದೆ ಮೇಡಂ.

ಹೊಳೆನರಸೀಪುರ ಸದಸ್ಯ: ಎಲ್ಲಾ ಬಿಟ್ಟು ಫ್ರೀಬಿಎಸ್‌ಡಿ (ಲಿನಕ್ಸ್ ಅಲ್ಲದ ಬೇರೆ ಓಎಸ್) ಹಾಕಿ. ಅದರ ಫೈರ್‌ವಾಲ್ ಪಿಎಫ್‌ನ ರೂಲ್ ಎಲ್ಲಾ ಒಂದೇ ಫೈಲ್‌ನಲ್ಲಿ.

ಬೇಲೂರು ಸದಸ್ಯ: ನಿಮ್ಮನ್ನು ಯಾರು ಕೇಳಿದರು?

ಹೊಳೆನರಸೀಪುರ ಸದಸ್ಯ: ನಿಮ್ಮ ಫಾರ್ವರ್ಡ್ ಯಾರು ಕೇಳಿದ್ದರು?

ಆಲೂರು ಸದಸ್ಯ: ಓಪನ್‌ಸೂಸೆ ಲಿನಕ್ಸ್‌ನಲ್ಲಿ ಹೇಗೆ?

ಹಾಸನ ಸದಸ್ಯ: ಉಬುಂಟುನಲ್ಲಿ 80 ತೆರೆಯುವುದು ಹೇಗೆ ಮೇಡಂ?

ಮೇಡಂ: ಮೇಲಿದೆ. ಓದಿ.

ಬೇಲೂರು ಸದಸ್ಯ: ಸಮಾಧಾನವಾಗಿ ಹೇಳಬಹುದಲ್ವಾ?

ಮೇಡಂ: ನಿಮ್ಮ ಫಾರ್ವರ್ಡ್ ಮೊದಲು ಡಿಲೀಟ್ ಮಾಡಿ.

ಅರಸೀಕೆರೆ ಸದಸ್ಯ: 8080 ಅಲೋ ಮಾಡಿದರೂ ಹೊರಗಿಂದ ಬರುತ್ತಿಲ್ಲ.

ಮೇಡಂ: ‘ಎಸ್‌ಎಸ್ -ಟಿಎಲ್‌ಎನ್‌ಪಿ’ ಕೊಡಿ, ಯಾವ ಸಾಫ್ಟ್‌ವೇರ್ ಯಾವ ಪೋರ್ಟ್‌ನಲ್ಲಿ ಕಾಯುತ್ತಿದೆ ತೋರಿಸುತ್ತದೆ. 127.0.0.1:8080 ಅಂತಿದ್ದರೆ ಸಾಫ್ಟ್‌ವೇರ್ ಸರ್ವರ್‌ನ ಒಳಗಿಂದ ಬಂದವರಿಗೆ ಮಾತ್ರ ಉತ್ತರಿಸುತ್ತಿದೆ. 0.0.0.0 (ಎಲ್ಲಾ ಕಡೆಯಿಂದ) ಇದ್ದರೆ ಕ್ಲೌಡ್‌ನವರ ಫೈರ್‌ವಾಲ್ ನೋಡಿ.

ಸಕಲೇಶಪುರ ಸದಸ್ಯ: ಮೇಡಂ, ಸಾಲು ಬದಲಾಯಿಸಿದೆ. ಮನೆಯಿಂದ ಈಗ ಕನೆಕ್ಟ್ ಆಗುತ್ತಿಲ್ಲ.

ಮೇಡಂ: ಒಳ್ಳೆಯದು. ಪಾಸ್‌ವರ್ಡ್?

ಸಕಲೇಶಪುರ ಸದಸ್ಯ: ನಾಳೆ ಮಾಡುತ್ತೇನೆ.

ಮೇಡಂ: ನಾಳೆ ಅಲ್ಲ ಸಾರ್, ಈಗ.