ಫೈಲು ಚಿಕ್ಕದಾಗಲಿ, ಮುಖ ಹಾಗೇ ಇರಲಿ

“ಮಗೂನ ವಿಡಿಯೊ ಚಿಕ್ಕದಾಗಲಿ ಅಂತ ಝಿಪ್ ಮಾಡಿದೆ ಕಣೋ. ಇಪ್ಪತ್ತು ಜಿಬಿ ಇದ್ದದ್ದು ಇಪ್ಪತ್ತು ಜಿಬಿಯೇ ಉಳೀತು!” ಸೀನನ ಗೋಳು.

“ಉಳೀದೆ ಇನ್ನೇನು? ಕ್ಯಾಮೆರಾ ಆಗಲೇ ಹಿಂಡಿ ಕೊಟ್ಟಿರುತ್ತೆ. ಹಿಂಡಿದ ಬಟ್ಟೇನ ಬರಿಗೈಲಿ ಮತ್ತೆ ಹಿಂಡಿದರೆ ಬರೋದು ನಿನ್ನ ಬೆವರು ಮಾತ್ರ,” ಅಂದ ನಾಣಿ.

“ಹಾಗಾದರೆ ಚಿಕ್ಕದಾಗೋದೇ ಇಲ್ವಾ?”

“ಆಗುತ್ತೆ. ಕ್ಯಾಮೆರಾಗೆ ಪುರುಸೊತ್ತಿರಲ್ಲ. ಓಡೋ ಮಗೂನ ಆ ಕ್ಷಣಕ್ಕೇ ಬರೆದುಕೋಬೇಕು, ಅದಕ್ಕೇ ಬಿಟ್‌ಗಳನ್ನ, ಅಂದರೆ ಫೈಲಿನ ಜಾಗಾನ, ಧಾರಾಳವಾಗಿ ಚೆಲ್ಲುತ್ತೆ. ಕಂಪ್ಯೂಟರಿಗಾದರೆ ರಾತ್ರಿಯೆಲ್ಲಾ ಇದೆ. ಹ್ಯಾಂಡ್‌ಬ್ರೇಕ್ ಅಂತ ವಿಡಿಯೊ ಹಿಂಡೋ ಸಾಫ್ಟ್‌ವೇರ್ ಇದೆ, ಅದನ್ನ ಹಾಕ್ಕೋ, ಪುಕ್ಕಟೆ ಸಿಗುತ್ತೆ.”

ಸೀನ ಅಷ್ಟರಲ್ಲೇ ಲೆಕ್ಕ ಹಾಕಿಬಿಟ್ಟಿದ್ದ. “ಎರಡು ಗಂಟೆ ವಿಡಿಯೊ. 700 ಎಂಬಿಗೆ ತಂದುಬಿಡು.”

“ಯಾಕೆ 700?”

“ಸಿಡಿಗೆ ಹಿಡಿಸುತ್ತೆ.”

ಪದ್ಮ ತಲೆ ಚಚ್ಚಿಕೊಂಡಳು. “ಈ ಕಾಲದಲ್ಲಿ ಸಿಡಿ ಯಾರ ಮನೇಲಿದೆಯೋ? ಎರಡು ಗಂಟೆಗೆ 700 ಎಂಬಿ ಹಂಚಿದರೆ ಸೆಕೆಂಡಿಗೆ ಒಂದು ಮೆಗಾಬಿಟ್ ಕೂಡ ಸಿಗಲ್ಲ. ಫುಲ್ ಎಚ್‌ಡಿ ಚಿತ್ರಕ್ಕೆ ಅದು ಉಪವಾಸ. ಸೈಜ್ ಹೇಳಬೇಡ, ಕ್ವಾಲಿಟಿ ಹೇಳು. ಹ್ಯಾಂಡ್‌ಬ್ರೇಕಿನಲ್ಲಿ ಕ್ವಾಲಿಟಿ ಹೇಳೋಕೆ ಆರ್‌ಎಫ್ ಅಂತ ಅಳತೆ ಇದೆ ನೋಡು, 0ಯಿಂದ 51.”

“51ಕ್ಕೇ ಇಡು. ನಮ್ಮ ಮಗು, ಜಿಪುಣತನ ಬೇಡ.”

“ಅಯ್ಯೋ ಮಾರಾಯ, ಅದು ಉಲ್ಟಾ! ಸಂಖ್ಯೆ ಏರಿದಷ್ಟೂ ಚಿತ್ರ ಇಳಿಯುತ್ತೆ. 51ಕ್ಕೆ ಇಟ್ಟರೆ ಮಗು ಯಾವುದು, ಸೋಫಾ ಯಾವುದು ಅಂತ ನೀನೇ ಪಕ್ಕದಲ್ಲಿ ನಿಂತು ಹೇಳಬೇಕಾಗುತ್ತೆ. ಫುಲ್ ಎಚ್‌ಡಿಗೆ 20ರಿಂದ 24ರೊಳಗೆ ಇಡು. ಆರು ಮೆಟ್ಟಿಲು ಏರಿಸಿದರೆ ಸೈಜ್ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತೆ ಅಂತ ಲೆಕ್ಕ.”

ನಾಣಿಗೆ ಸುಮ್ಮನಿರಲಾಗಲಿಲ್ಲ. “ಹಿಂಡೋ ವಿಧಾನಕ್ಕೆ ಕೋಡೆಕ್ ಅಂತಾರೆ. ಎಚ್.264 ಅನ್ನೋ ಕೋಡೆಕ್ ಬಿಟ್ಟು ಎಚ್.265 ಹಾಕಿದರೆ ಇನ್ನೂ ಉಳಿತಾಯ. 264 2003ರದು, 265 2013ರದು. ಆದರೆ ನಿಮ್ಮ ಹಳೇ ಟಿವಿ ಅದನ್ನ ಓದುತ್ತಾ ಅಂತ ಮೊದಲು ನೋಡ್ಕೋ. ಮತ್ತೆ ಪ್ರಿಸೆಟ್, ಅಂದರೆ ಹಿಂಡೋ ವೇಗ, ‘ಸ್ಲೋ’ಗೆ ಇಡು. ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಿದರೆ ಚಕ್ ಅಂತ ಮುಗಿಯುತ್ತೆ, ಆದರೆ ಅದೇ ಕ್ವಾಲಿಟಿಗೆ ಫೈಲು ದಪ್ಪ ಬರುತ್ತೆ.”

ಸೆಟ್ಟಿಂಗ್ ಸರಿಯಿದೆಯಾ ಅಂತ ಮೊದಲು ಪರೀಕ್ಷಿಸೋಕೆ ಅರ್ಧ ನಿಮಿಷದ ತುಣುಕು ಬೇಕಾಯಿತು. ಸೀನ ಮಗು ಮಲಗಿರೋ ದೃಶ್ಯ ತೆಗೆದ. ನಾನೇ ಬೇಡ ಅಂದೆ. ಅಲುಗಾಡದ ಚಿತ್ರ ಹೆಚ್ಚಿನ ಸೆಟ್ಟಿಂಗುಗಳಲ್ಲಿ ಚೆನ್ನಾಗೇ ಕಾಣುತ್ತೆ. ಹಿಂದಿನ ಫ್ರೇಮಿಗೂ ಈಗಿನದಕ್ಕೂ ಇರೋ ವ್ಯತ್ಯಾಸವನ್ನಷ್ಟೇ ಬರೆದುಕೊಂಡರೆ ಸಾಕಲ್ಲ. ಕೆಲಸ ಕೆಡೋದು ಕತ್ತಲಲ್ಲಿ, ಓಟದಲ್ಲಿ. ಮಬ್ಬು ಬೆಳಕಿನ ಕಾಳುಕಾಳು ಚುಕ್ಕೆಗಳು ಫ್ರೇಮಿಗೊಂದು ಥರ ಕುಣಿಯುತ್ತವೆ, ವಿಡಿಯೊ ಹಿಂಡೋ ಎನ್‌ಕೋಡರ್ ಪಾಪ ಅದನ್ನೂ ಮುಖ್ಯ ವಿಷಯ ಅಂತ ನಂಬಿ ಬಿಟ್‌ಗಳನ್ನ ಸುರಿಯುತ್ತೆ.

“ಅಂದರೆ ಕೈ ನಡುಗಿದರೂ ಸೈಜ್ ಜಾಸ್ತಿಯಾ?” ಅಂದ ಸೀನ.

“ನಿನ್ನ ಫೈಲುಗಳಲ್ಲಿ ಮಗೂಗಿಂತ ನಿನ್ನ ಕೈನಡುಕವೇ ಜಾಸ್ತಿ ಜಾಗ ತಿಂದಿದೆ,” ಅಂದಳು ಪದ್ಮ. “ಇನ್ನೊಂದು, ಮೂಲ ಫೈಲಿನಿಂದಲೇ ಮಾಡು. ಚಿಕ್ಕದು ಮಾಡಿದ್ದನ್ನ ಮತ್ತೆ ಚಿಕ್ಕದು ಮಾಡಿದರೆ ಪ್ರತಿ ಸಲವೂ ಒಂದಿಷ್ಟು ಹೋಗುತ್ತೆ, ವಾಪಸ್ ಬರಲ್ಲ. ಹೊಸದನ್ನ ಪೂರ್ತಿ ನೋಡೋವರೆಗೂ ಮೂಲ ಅಳಿಸಬೇಡ.”

ಅಷ್ಟರಲ್ಲಿ ನಾಣಿ ಇನ್ನೊಂದು ಫೈಲು ತೆರೆದ. ಕ್ಯಾಮೆರಾ ಆಫ್ ಮಾಡೋದು ಮರೆತು ಬಗಲಲ್ಲಿ ಇರಿಸಿಕೊಂಡಿದ್ದು. ಮುಕ್ಕಾಲು ಗಂಟೆ, ಬರೀ ನೆಲ ಮತ್ತು ಸೀನನ ಎಡಗಾಲಿನ ಹೆಬ್ಬೆರಳು.

“ಇದಕ್ಕೆ ಕೋಡೆಕ್ ಬೇಡ, ಡಿಲೀಟ್ ಸಾಕು,” ಅಂದ.

“ಮುಟ್ಟಬೇಡ! ಅದರಲ್ಲಿ ನೀವೆಲ್ಲ ಹಿಂದೆ ನಿಂತು ನನ್ನ ಬಗ್ಗೆ ಆಡಿಕೊಂಡಿದ್ದು ರೆಕಾರ್ಡ್ ಆಗಿದೆ.”

ನಾಣಿ ಮುಖ ಬಿಳಿಚಿತು. “ಹಾಗಿದ್ದರೆ ಇದಕ್ಕೆ ಆರ್‌ಎಫ್ 51!”

“ಆರ್‌ಎಫ್ ಚಿತ್ರಕ್ಕೆ ಮಾತ್ರ ಕಣೋ,” ಅಂದಳು ಪದ್ಮ. “ಧ್ವನಿ ಬೇರೆ. 160 ಕಿಲೋಬಿಟ್, ಗಂಟೆಗೆ ಬರೀ 72 ಎಂಬಿ. ಒಂದಕ್ಷರ ಬಿಡದೆ ಕೇಳಿಸುತ್ತೆ.”