ಕಾಕಪೋ ಮತ್ತು ರಿಮು: ಕಾಯಿ ತುಂಬಿದ ವರ್ಷಕ್ಕೆ ಏನನ್ನೋಣ?

ನಮಸ್ಕಾರ. ನ್ಯೂಜಿಲೆಂಡಿನ ಒಂದು ಹಕ್ಕಿ, ಒಂದು ಮರವನ್ನು ಅಕ್ಕಪಕ್ಕ ಇಟ್ಟು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಹಕ್ಕಿ ಕಾಕಪೋ, ಮರ ರಿಮು. ಕೆಲವು ಕಡೆ ಸರಿಯಾದ ಪದ ಸಿಗುತ್ತಿಲ್ಲ.

ಹಕ್ಕಿಯ ಹೆಸರು ಕೇಳಿದ ಕೂಡಲೇ ಮನೆಯ ಮಗು "ಕಾಗೆನಾ?" ಎಂದಿತು. ಕಾಕ ಅಂದರೆ ನಮಗೆ ಕಾಗೆ, ಅಲ್ವಾ. ನ್ಯೂಜಿಲೆಂಡಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಕಾಕಾ ಎಂದರೆ ಗಿಳಿ, ಪೋ ಎಂದರೆ ರಾತ್ರಿ. ಹಗಲು ಮಲಗಿ ರಾತ್ರಿ ಓಡಾಡುವ, ಹಾರಲಾರದ ಗಿಳಿ ಇದು. ಅದಕ್ಕೇ ಮೊದಲ ಸಲ ಬಂದಾಗ 'ಇರುಳುಗಿಳಿ' ಎಂದು ಜೊತೆಗೆ ಬರೆದು, ಆಮೇಲೆ ಕಾಕಪೋ ಎಂದೇ ಉಳಿಸಿಕೊಂಡಿದ್ದೇನೆ.

ರಿಮುವನ್ನು 'ಶಂಕುಧಾರಿ' ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಅದು ಪೈನ್ ಮರದ ಗುಂಪಿನದೇ, ನಿಜ. ಆದರೆ ಪೈನಿನಂಥ ಗಟ್ಟಿ ಶಂಕು ಅದರಲ್ಲಿಲ್ಲ. ಕೆಂಪಗೆ ಉಬ್ಬಿದ ಮೆತ್ತನೆಯ ತೊಟ್ಟಿನ ಮೇಲೆ ಬೀಜ ಕೂತಿರುತ್ತದೆ. ಗೇರುಹಣ್ಣಿನ ತುದಿಗೆ ಬೀಜ ಅಂಟಿಕೊಂಡ ಹಾಗೆ, ಆದರೆ ತುಂಬಾ ಚಿಕ್ಕದು. 'ಸೂಜಿಯೆಲೆ ಮರ' ಎಂದರೆ ಸಾಕೇ?

ನನ್ನನ್ನು ಜಾಸ್ತಿ ಕಾಡುತ್ತಿರುವುದು ಇನ್ನೊಂದು ಪದ. ರಿಮು ಪ್ರತಿ ವರ್ಷ ಒಂದೇ ಸಮ ಕಾಯಿ ಬಿಡುವುದಿಲ್ಲ. ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ ಕಾಡಿನ ಮರಗಳೆಲ್ಲ ಒಟ್ಟಿಗೆ ಮೈತುಂಬ ಬಿಡುತ್ತವೆ. ಕಾಕಪೋ ಮೊಟ್ಟೆ ಇಡುವುದೂ ಅಂಥ ವರ್ಷವೇ. ಮರಿಗಳಿಗೆ ಆ ಹಣ್ಣೇ ಊಟ. ಕಾಯಿ ಇನ್ನೂ ಹಸಿರಾಗಿರುವಾಗಲೇ ಹಕ್ಕಿಗಳು ಜೋಡಿಯಾಗಿ ಬಿಡುತ್ತವೆ, ಹಣ್ಣು ಮಾಗುವ ಹೊತ್ತಿಗೆ ಗೂಡಲ್ಲಿ ಮರಿಗಳಿರುತ್ತವೆ. 1995ರಲ್ಲಿ ಉಳಿದಿದ್ದ ಕಾಕಪೋಗಳು 51 ಮಾತ್ರ. 2019ರಲ್ಲಿ ರಿಮು ಭರ್ತಿ ಬಿಟ್ಟಿತು. ಆ ಒಂದೇ ವರ್ಷ 70ಕ್ಕೂ ಹೆಚ್ಚು ಮರಿಗಳು ಬೆಳೆದು ನಿಂತವು. ಅಂಥ ವರ್ಷಕ್ಕೆ ಸುಮ್ನೆ ಯಾವುದೋ ಪದ ಹಾಕಿ ಮುಂದೆ ಹೋಗಲು ನನಗಾಗುತ್ತಿಲ್ಲ.

'ಸುಗ್ಗಿ' ಎಂದರೆ ಹೊಲ ನೆನಪಾಗುತ್ತದೆ, ಅದು ವರ್ಷವೂ ಬರುತ್ತದೆ. 'ಫಸಲು' ಮನುಷ್ಯ ಬೆಳೆದದ್ದು. 'ಹೂಬಿಟ್ಟ ವರ್ಷ' ಎನ್ನುವಂತಿಲ್ಲ, ಈ ಮರಕ್ಕೆ ಹೂವೇ ಇಲ್ಲ. ಬಿದಿರಕ್ಕಿಯ ವರ್ಷ ಹತ್ತಿರದ್ದು ಅನಿಸಿತು. ಆದರೆ ಬಿದಿರು ಅಕ್ಕಿ ಬಿಟ್ಟ ಮೇಲೆ ಒಣಗಿ ಸಾಯುತ್ತದೆ, ರಿಮು ನೂರಾರು ವರ್ಷ ಬಾಳುತ್ತದೆ. ಸದ್ಯಕ್ಕೆ 'ತುಂಬುಗಾಯಿ ವರ್ಷ' ಎಂದು ಕಟ್ಟಿಕೊಂಡಿದ್ದೇನೆ. ಕಿವಿಗೆ ಹಿತವಾಗಿದೆಯೇ?

ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಜೋರಾಗಿ ಕಾಯಿ ಕಚ್ಚುತ್ತದಲ್ಲ, ಆ ಜೋರಿನ ವರ್ಷಕ್ಕೆ ನಿಮ್ಮ ಊರಿನಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಯಾವ ಊರಿನ ಮಾತು ಎಂಬುದನ್ನೂ ಬರೆಯಿರಿ.