ಕೋಕೋಪಿಟ್‌ನಲ್ಲಿ ಹಾಕಿದ ಟೊಮೆಟೊ ಸಸಿ ಹಳದಿಯಾಗಿದೆ, ಯೂರಿಯಾ ಕೊಡಬಹುದಾ?

ಪ್ರಶ್ನೆ (ಕೈತೋಟ, ಚಿಕ್ಕಬಳ್ಳಾಪುರ)
ಎಲ್ಲರಿಗೂ ನಮಸ್ಕಾರ. ಅಡುಗೆಮನೆ ಕಿಟಕಿ ಹತ್ತಿರ ಟ್ರೇಯಲ್ಲಿ ಟೊಮೆಟೊ, ಬದನೆ ಬೀಜ ಹಾಕಿದ್ದೇನೆ. ಬರೀ ಕೋಕೋಪಿಟ್ (ತೆಂಗಿನ ನಾರಿನ ಪುಡಿ), ಮಣ್ಣು ಸೇರಿಸಿಲ್ಲ. ಮೊಳಕೆ ಚೆನ್ನಾಗಿಯೇ ಬಂತು. ಈಗ ಸಸಿ ನಿಂತಲ್ಲೇ ನಿಂತಿದೆ. ಎಲೆಗಳು ಹಳದಿ, ಟೊಮೆಟೊ ಎಲೆಯ ಅಡಿಭಾಗ ನೇರಳೆ. ಚಳಿ ಬೇರೆ ಜಾಸ್ತಿ ಇದೆ. ಪಕ್ಕದ ಮನೆಯವರು ಚಿಟಿಕೆ ಯೂರಿಯಾ ಹಾಕಿ ಅಂತಾರೆ. ನನಗೆ ಧೈರ್ಯ ಬರುತ್ತಿಲ್ಲ. ಏನು ಮಾಡಲಿ?

ಉತ್ತರ (ನರ್ಸರಿ, ಕೋಲಾರ)
ಯೂರಿಯಾ ಬೇಡ ಅಕ್ಕ. ಅದರಲ್ಲಿ 46% ಸಾರಜನಕ ಇರುತ್ತದೆ. ಟ್ರೇಯ ಗುಳಿಯಲ್ಲಿ ಎಷ್ಟು ಪಿಟ್ ಹಿಡಿಯುತ್ತದೆ ಹೇಳಿ? ಅಲ್ಲಿ ಚಿಟಿಕೆ ಬಿದ್ದರೂ ಎಳೆ ಬೇರು ಸುಟ್ಟುಹೋಗುತ್ತದೆ. ಡಿಎಪಿ (ಸಾರಜನಕ, ರಂಜಕ ಇರುವ ಕಾಳು ಗೊಬ್ಬರ) ನೆನೆಸಿದ ನೀರೂ ಬೇಡ.

ಕೆಳಗಿನ ಉದ್ದನೆಯ ಜೋಡಿ ಬೀಜದೆಲೆ. ಅದು ಮಾತ್ರ ಹಳದಿಯಾದರೆ ಸುಮ್ನೆ ಬಿಡಿ, ವಯಸ್ಸಾದಾಗ ಅದು ಉದುರುತ್ತದೆ. ಅದರ ಮೇಲಿನ ಅಂಚು ಸೀಳಿದ ನಿಜವಾದ ಎಲೆಯೂ ಹಳದಿಯಾಗಿದ್ದರೆ ಸಸಿಗೆ ಹಸಿವು. ಬೀಜದಲ್ಲಿದ್ದ ಆಹಾರ ಮೊದಲ ನಿಜವಾದ ಎಲೆ ಬರುವ ತನಕ ಮಾತ್ರ. ಕೋಕೋಪಿಟ್ ನೀರು ಹಿಡಿದಿಡುತ್ತದೆ, ಊಟ ಹಾಕುವುದಿಲ್ಲ.

ಗೊಬ್ಬರದ ಅಂಗಡಿಯಲ್ಲಿ 19 ಆಲ್ ಕೇಳಿ. 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇ. 19ರಷ್ಟು ಇರುವ, ನೀರಿನಲ್ಲಿ ಪೂರ್ತಿ ಕರಗುವ ಪುಡಿ. ಲೀಟರಿಗೆ ಅರ್ಧ ಗ್ರಾಂ ಸಾಕು. ಮಟ್ಟಸವಾದ ಒಂದು ಟೀ ಚಮಚ ಸುಮಾರು 5 ಗ್ರಾಂ, ಅದನ್ನು 10 ಲೀಟರ್ ಬಕೆಟ್‌ಗೆ ಕಲಸಿ. ಉಳಿದದ್ದು ಬೇರೆ ಗಿಡಗಳಿಗೆ ಆಗುತ್ತದೆ. ಪಿಟ್ ಒಣಗಿದ್ದರೆ ಮೊದಲು ಬರೀ ನೀರು ಕೊಡಿ, ಆಮೇಲೆ ಗೊಬ್ಬರದ ನೀರು. ವಾರಕ್ಕೊಮ್ಮೆ, ಬೆಳಗ್ಗೆ ಹೊತ್ತು. ಸಸಿ ಚೇತರಿಸಿಕೊಂಡ ಮೇಲೆ ಲೀಟರಿಗೆ 1 ಗ್ರಾಂ ತನಕ ಹೋಗಬಹುದು. ಹಳದಿಯಾದ ಎಲೆ ಪೂರ್ತಿ ಹಸಿರಾಗದೇ ಇರಬಹುದು, ಹೊಸ ಎಲೆಯ ಬಣ್ಣ ನೋಡಿ.

ಎಲೆಯಡಿ ನೇರಳೆ ಬಣ್ಣ ರಂಜಕ ಸಾಲದ ಗುರುತು, ಅದಕ್ಕೆ ಚಳಿಯೂ ಕಾರಣ. ಬೇರು ತಣ್ಣಗಿದ್ದರೆ ರಂಜಕ ಇದ್ದರೂ ಸಸಿ ಎಳೆದುಕೊಳ್ಳುವುದಿಲ್ಲ. ಬೆಟ್ಟದ ಬುಡದ ಊರು ನಿಮ್ಮದು. ರಾತ್ರಿ ಟ್ರೇಯನ್ನು ಕಿಟಕಿಯಿಂದ ಒಳಗಿಡಿ, ತಣ್ಣನೆ ನೆಲದ ಮೇಲೆ ಮಾತ್ರ ಬೇಡ.

ಮುಖ್ಯವಾಗಿ ಬಿಸಿಲು. ಬೆಳಕಿಲ್ಲದೆ ಗೊಬ್ಬರ ಕೊಟ್ಟರೆ ಸಸಿ ದಾರದ ಹಾಗೆ ಉದ್ದವಾಗಿ ಬಾಗುತ್ತದೆ. ಬೆಳಗಿನ ಎಳೆ ಬಿಸಿಲಿಗೆ ದಿನಾ ಹೊರಗಿಡಿ, ಹೊತ್ತು ನಿಧಾನವಾಗಿ ಹೆಚ್ಚಿಸಿ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್ ಅಣ್ಣ. ನಮ್ಮಲ್ಲಿ ಎರೆಗೊಬ್ಬರ ಇದೆ, ಅದು ಸಾಲದಾ?

ಉತ್ತರ (ನರ್ಸರಿ, ಕೋಲಾರ)
ಜರಡಿ ಹಿಡಿದು ಮೇಲೆ ತೆಳ್ಳಗೆ ಉದುರಿಸಬಹುದು, ಒಳ್ಳೆಯದೇ. ಆದರೆ ಅದರ ಸಾರ ನಿಧಾನಕ್ಕೆ ಸಿಗುತ್ತದೆ. ಹಸಿದಿರುವ ಸಸಿಗೆ ಈಗ 19 ಆಲ್ ಬೇಕು. ಮುಂದಿನ ಸಲ ಬೀಜ ಹಾಕುವಾಗಲೇ ಪಿಟ್ ಜೊತೆ ಎರೆಗೊಬ್ಬರ ಕಲಸಿಬಿಡಿ.

ಇನ್ನೊಬ್ಬರು (ತುಮಕೂರು)
ನಾನು 19 ಆಲ್ ಕೊಡುತ್ತಲೇ ಇದ್ದೇನೆ. ಆದರೂ ಮೆಣಸಿನ ಸಸಿಯ ತುದಿ ಎಲೆ ಹಳದಿ, ನರ ಮಾತ್ರ ಹಸಿರು. ಬೋರ್‌ವೆಲ್ ನೀರು. ಪಿಟ್ ಮೇಲೆ ಬಿಳಿ ಪುಡಿ ಕಟ್ಟಿದೆ.

ಉತ್ತರ (ನರ್ಸರಿ, ಕೋಲಾರ)
ಇದು ಹಸಿವಲ್ಲ ಸಾರ್. ಸಾರಜನಕ ಸಾಲದಿದ್ದರೆ ಹಳೆ ಎಲೆ ಮೊದಲು ಹಳದಿಯಾಗುತ್ತದೆ. ತುದಿ ಎಲೆಯ ನರ ಹಸಿರಿದ್ದು ಉಳಿದದ್ದು ಹಳದಿಯಾದರೆ ಕಬ್ಬಿಣದ ಕೊರತೆ. ಗಡಸು ನೀರಿನಿಂದ ಪಿಟ್ ಕ್ಷಾರವಾಗಿ ಕಬ್ಬಿಣ ಬೇರಿಗೆ ದಕ್ಕುತ್ತಿಲ್ಲ. ಆ ಬಿಳಿ ಪುಡಿ ನೀರು, ಗೊಬ್ಬರದಿಂದ ಉಳಿದ ಲವಣ. ಗೊಬ್ಬರ ಈಗ ನಿಲ್ಲಿಸಿ. ಮಳೆ ನೀರು ಅಥವಾ ಫಿಲ್ಟರ್ ನೀರನ್ನು ಟ್ರೇ ತಳದಿಂದ ಸೋರಿ ಹೋಗುವಷ್ಟು ಒಂದೆರಡು ಸಲ ಹಾಯಿಸಿ. ಆಮೇಲೆ ಅದೇ ನೀರಿನಲ್ಲಿ ಅರ್ಧ ಗ್ರಾಂ ಲೆಕ್ಕದಲ್ಲಿ ಮತ್ತೆ ಶುರು ಮಾಡಿ. ಹೊಸ ಎಲೆ ಆಗಲೂ ಹಳದಿ ಬಂದರೆ ಚಿಲೇಟೆಡ್ ಕಬ್ಬಿಣ (ಬೇರಿಗೆ ಸುಲಭವಾಗಿ ದಕ್ಕುವ ರೂಪದ ಕಬ್ಬಿಣ) ಕೇಳಿ ತನ್ನಿ, ಪ್ಯಾಕೆಟ್ ಮೇಲಿನ ಅಳತೆ ಮೀರಬೇಡಿ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ವೆಜಿಟಬಲ್ ಸ್ಪೆಷಲ್ ಎಂಬ ಸೂಕ್ಷ್ಮ ಪೋಷಕಾಂಶಗಳ ಪುಡಿ ಕೂಡ ಇದೆ, ಅದನ್ನು ನಾಟಿ ಆಗಿ ಗಿಡ ಹಿಡಿದ ಮೇಲೆ ಎಲೆಗೆ ಸಿಂಪಡಿಸಿ.